ಕೂಸಿನ ಅಂಗುಳ

"ನುಂಗಿದ್ಯಾ ಹಕ್ಕೀ?" ಎಂದು ಅತ್ತೆ ಕೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ. ಅವಳಿಗೆ ಬುದ್ಧಿ ಬಂದಾಗಿನಿಂದ ಯಾವುದಾದರೂ ತುತ್ತಿನ ಬೆನ್ನಿಗೆ ಆ ಪ್ರಶ್ನೆ ಬಂದೇ ಬರುತ್ತಿತ್ತು. ನಲವತ್ತರ ಹತ್ತಿರ ಬಂದ, ಕನ್ನಡಕ ಹಾಕುವ, ಹಲ್ಲಿನ ಲ್ಯಾಬಿನಲ್ಲಿ ದುಡಿದು ಮನೆ ನಡೆಸುವ ಹೆಂಗಸನ್ನು ಎದುರಿಗೆ ಕೂತು ಯಾರಾದರೂ ಹೀಗೆ ಕೇಳುತ್ತಾರೆಯೇ? ಅವಳ ಅಪ್ಪನ ಅಕ್ಕ ಕೇಳುತ್ತಾರೆ. ಇವತ್ತು ಕೇಳಿದಾಗ ಮಾತ್ರ ಬಾಗಿಲಲ್ಲಿ ಗೋಂದು ನಿಂತಿದ್ದ. ಅವನು ಲ್ಯಾಬಿನ ಪ್ರಿಂಟರುಗಳನ್ನು ನೋಡಿಕೊಳ್ಳುವವನು, ಕೈಗೆ ಸದಾ ಅಂಟು ಮೆತ್ತಿಕೊಂಡೇ ಇರುವುದರಿಂದ ಎಲ್ಲರ ಬಾಯಲ್ಲೂ ಗೋಂದು. ಇದೇ ಬೀದಿಯ ಮೇಲೆ ಹೋಗುವವನಾದ್ದರಿಂದ ದಿನಾ ಸ್ಕೂಟರಿನಲ್ಲಿ ಅವಳನ್ನೂ ಕೂರಿಸಿಕೊಂಡು ಹೋಗುತ್ತಾನೆ. "ಏನಕ್ಕಾ, ನಮ್ಮನೇಲಿ ಚಿಕ್ಕೋಳಿಗೇ ನಾವು ಹಿಂಗೆ ಕೇಳೋದು ಬಿಟ್ವಿ," ಎಂದು ನಕ್ಕ. ಅವನ ನಗೆಯಲ್ಲಿ ವಿಷವಿರಲಿಲ್ಲ. ಆದರೂ ಅವಳ ಕಿವಿ ಬಿಸಿಯಾಯಿತು. "ಸಾಕು, ಬಾಯಿ ಮುಚ್ಕೊಂಡಿರಿ ಅತ್ತೆ," ಎಂದಳು. ಹೇಳಿ, ಕೈ ತೊಳೆದು, ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಅತ್ತೆ ಬಾಯಿ ಮುಚ್ಚಿಕೊಂಡು ತಟ್ಟೆಯಲ್ಲಿ ಉಳಿದದ್ದನ್ನು ನೋಡುತ್ತಾ ಕೂತರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸ್ಕೂಟರಿನ ಹಿಂದೆ ಕೂತವಳಿಗೆ ಗಾಳಿ ಮುಖಕ್ಕೆ ಹೊಡೆಯುತ್ತಿದ್ದರೂ ಆ ಮಾತು ಹಾರಿಹೋಗಲಿಲ್ಲ. ಬೇರೆ ಏನಾದರೂ ಅಂದಿದ್ದರೆ ಆಗುತ್ತಿತ್ತು. ಬಾಯಿ ಮುಚ್ಚಿ ಎಂದು, ಅದೂ ಅತ್ತೆಗೆ. ಹುಟ್ಟಿದಾಗ ಅವಳ ಬಾಯಿ ಮುಚ್ಚುತ್ತಲೇ ಇರಲಿಲ್ಲವಂತೆ. ಮೇಲ್ದುಟಿ ಮೂಗಿನವರೆಗೆ ಸೀಳಿ, ಒಳಗೆ ಅಂಗುಳವೂ ಸೀಳಿ, ಕುಡಿದ ಹಾಲೆಲ್ಲ ಮೂಗಿನಲ್ಲಿ ವಾಪಸು ಬರುತ್ತಿತ್ತಂತೆ. ಆಮೇಲೆ ಒಂದರ ಹಿಂದೊಂದು ಆಪರೇಷನ್. ಈಗ ಉಳಿದಿರುವುದು ಮೂಗಿನಿಂದ ತುಟಿಗೆ ಇಳಿಯುವ ದಾರದಂಥ ಗೆರೆ, ಸ್ವಲ್ಪ ಮೇಲಕ್ಕೆ ಎಳೆದುಕೊಂಡ ತುಟಿ, ಮೂಗಿನಲ್ಲಿ ಹೊರಡುವ ದನಿ. ಫೋನಿನಲ್ಲಿ ಯಾರಾದರೂ "ನೆಗಡಿನಾ?" ಎಂದರೆ "ಹೌದು, ನೆಗಡಿ" ಎನ್ನುತ್ತಾಳೆ. ಕೊರಿಯರ್ ಆಫೀಸಿನವನು ವರ್ಷಗಟ್ಟಲೆಯಿಂದ ಅವಳ ನೆಗಡಿಗೆ ಮರುಗುತ್ತಾ, ಹಬೆ ತಗೊಳ್ಳಿ ಎನ್ನುತ್ತಾ ಇದ್ದಾನೆ. ಹಕ್ಕಿ ಎಂಬ ಹೆಸರೂ ಆ ತುಟಿಯಿಂದಲೇ ಬಂದದ್ದು, ಕೊಕ್ಕಿನ ಹಾಗೆ ಕಂಡಿರಬೇಕು ಎಂದು ಶಾಲೆಗೆ ಹೋಗುವ ಕಾಲದಲ್ಲೇ ತೀರ್ಮಾನಿಸಿಕೊಂಡಿದ್ದಳು. ಅತ್ತೆಯನ್ನು ಕೇಳಿರಲಿಲ್ಲ. ಕೇಳಿ ಹೌದು ಅನ್ನಿಸಿಕೊಳ್ಳುವುದಕ್ಕಿಂತ ಕೇಳದೆ ಇರುವುದೇ ವಾಸಿ.

ಲ್ಯಾಬು ಒಂದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗ ಚರ್ಮದ ವಾಸನೆ, ಬಾಗಿಲು ತೆರೆದರೆ ಸ್ಪಿರಿಟ್ಟಿನ ವಾಸನೆ. ಹಿಂದೆ ಇಲ್ಲೆಲ್ಲ ಪ್ಲಾಸ್ಟರಿನ ಪುಡಿ ಹಾರುತ್ತಿತ್ತು, ಡಾಕ್ಟರುಗಳು ಕಳಿಸಿದ ಅಚ್ಚುಗಳು ಕಪಾಟಿನ ತುಂಬ ಹಲ್ಲು ಕಿರಿದುಕೊಂಡು ಕೂತಿರುತ್ತಿದ್ದವು. ಈಗ ಬಾಯಿಗಳೆಲ್ಲ ಕಂಪ್ಯೂಟರಿಗೆ ಬರುತ್ತವೆ. ಡಾಕ್ಟರು ಬಾಯೊಳಗೆ ಪುಟ್ಟ ಕ್ಯಾಮೆರಾ ಆಡಿಸುತ್ತಾರೆ, ಇಲ್ಲಿ ತೆರೆಯ ಮೇಲೆ ಬೂದುಬಣ್ಣದ ದವಡೆ ತೇಲಿ ನಿಲ್ಲುತ್ತದೆ. ಅವಳು ಮೌಸಿನಿಂದ ಅದನ್ನು ತಿರುಗಿಸುತ್ತಾಳೆ, ಒಂದೊಂದೇ ಹಲ್ಲನ್ನು ಕೂದಲೆಳೆಯಷ್ಟು ಜರುಗಿಸುತ್ತಾಳೆ, ಸೊಟ್ಟ ಹಲ್ಲು ನೆಟ್ಟಗಾಗುವ ಹಾದಿಗೆ ಬೇಕಾದಷ್ಟು ಕ್ಲಿಪ್ಪು, ಪ್ಲೇಟುಗಳನ್ನು ಬರೆಯುತ್ತಾಳೆ. ಗೋಂದು ಅವನ್ನು ಕಾಗದದ ಮೇಲಲ್ಲ, ಅಂಟಿನಂಥ ರಾಳದಲ್ಲಿ ಪದರ ಪದರವಾಗಿ ಪ್ರಿಂಟು ಹಾಕಿ, ತೊಳೆದು, ಬೆಳಕಿನ ಪೆಟ್ಟಿಗೆಯಲ್ಲಿ ಗಟ್ಟಿ ಮಾಡಿ, ಅಂಚು ಉಜ್ಜಿ ಕಳಿಸುತ್ತಾನೆ. ಎಷ್ಟೋ ಬಾಯಿಗಳ ಒಳಗು ಅವಳಿಗೆ ಬಾಯಿಪಾಠ, ಆ ಮುಖಗಳು ಮಾತ್ರ ಎದುರು ಬಂದರೂ ಗುರುತಿಲ್ಲ. ಆ ಏರ್ಪಾಡು ಅವಳಿಗೆ ಹಿತವಾಗಿತ್ತು. ಇಲ್ಲಿ ಅವಳು ನೋಡುತ್ತಾಳೆ, ಅವಳನ್ನು ಯಾರೂ ನೋಡುವುದಿಲ್ಲ.

ಇಂಥ ಕೆಲಸದಲ್ಲಿ ಕೈ ತಾನಾಗಿ ಮಾಡುವ ಒಂದು ಸಂಗತಿ ಇದೆ. ಕ್ಯಾಮೆರಾ ಆಡಿಸುವಾಗ ನಾಲಿಗೆ ಅಡ್ಡ ಬಂದೋ, ಎಂಜಲು ಮಿನುಗಿಯೋ ಅಲ್ಲಲ್ಲಿ ಬೆಳಕು ತಾಗಿರುವುದಿಲ್ಲ. ಅಲ್ಲಿ ತೂತು ಬೀಳುತ್ತದೆ. ಅದು ಬಾಯಿಯ ತೂತಲ್ಲ, ನೋಟದ ತೂತು. ಆದ್ದರಿಂದ ಯಾವ ದವಡೆ ತೆರೆದರೂ ಮೊದಲ ಕೆಲಸ, ತೂತು ಮುಚ್ಚುವ ಬಟನ್ ಒತ್ತುವುದು. ಒತ್ತಿದರೆ ಕಂಪ್ಯೂಟರು ಸುತ್ತಲಿನ ಅಂಚುಗಳನ್ನು ಎಳೆದು ತಂದು, ನಡುವೆ ನುಣ್ಣಗೆ ತೇಪೆ ಹಾಕಿ, ಅಲ್ಲಿ ಏನೂ ಆಗೇ ಇರಲಿಲ್ಲವೆಂಬಂತೆ ಮಾಡುತ್ತದೆ. ಅವಳ ತೋರುಬೆರಳು ಅದನ್ನು ಎಷ್ಟು ಸಲ ಒತ್ತಿದೆಯೋ, ಬಾಗಿಲು ಹಾಕಿದ ಮೇಲೆ ಚಿಲಕ ಹಾಕುವಷ್ಟೇ ಸಹಜವಾಗಿ.

ನಿನ್ನೆ ಯಜಮಾನರು ಅವಳ ಕುರ್ಚಿಯ ಹಿಂದೆ ಬಂದು ನಿಂತಿದ್ದರು. ಅವರು ಪ್ಲಾಸ್ಟರಿನ ಕಾಲದ ಮನುಷ್ಯ, ಈಗಲೂ ಮಾತಾಡುವಾಗ ಕೈಯಲ್ಲಿ ಏನನ್ನೋ ಕೆತ್ತುತ್ತಿರುತ್ತಾರೆ. "ಒಂದು ಎಳೆ ಕೂಸಿಂದು ಬಂದಿದೆ. ಅಂಗುಳ ಸೀಳು. ಆಪರೇಷನ್ ಆಗೋವರೆಗೂ ಹಾಲು ಕುಡಿಯೋಕೆ, ಅಂಗುಳಕ್ಕೆ ಮುಚ್ಚಳದ ಹಾಗೆ ಕೂರೋ ಒಂದು ಪ್ಲೇಟ್ ಬೇಕಂತೆ. ನಿಮಗೇ ಕೊಡೋಣ ಅಂತ, ಯಾಕಂದ್ರೆ ನೀವು..." ಎಂದು ಅಲ್ಲಿಗೆ ನಿಂತರು. ಅವರ ಕಣ್ಣು ಅವಳ ತುಟಿಗೆ ಬಂದು, ಸುಟ್ಟುಕೊಂಡಂತೆ ಹಿಂದೆ ಹೋಯಿತು. "ಯಾಕಂದ್ರೆ ನಿಮ್ಮ ಕೈ ಸೂಕ್ಷ್ಮ," ಎಂದು ಮುಗಿಸಿದರು. ಅವಳು ತಲೆಯಾಡಿಸಿದಳು. ಬೇಗ ಮುಗಿಸಿಬಿಡಬೇಕು ಅನ್ನಿಸಿತ್ತು. ತೆರೆಯ ಮೇಲೆ ಹಲ್ಲಿಲ್ಲದ, ಎರಡು ಬೆರಳಿನಷ್ಟು ಅಗಲದ ಅಂಗುಳ ಬಂತು, ನಡುವೆ ಕಪ್ಪಗೆ ಬಿರುಕು. ಒಂದು ಸಲ ಕಣ್ಣು ಹಾಯಿಸಿದಳು, ಅಷ್ಟೆ. ಆಮೇಲೆ ಕೈ ಕೆಲಸ ಮಾಡಿತು, ಕಣ್ಣು ಕಿಟಕಿಯ ಕಡೆಗಿತ್ತು.

ಇವತ್ತು ಅವಳು ಬಂದು ಕೂತು, ಅತ್ತೆಗೆ ಫೋನ್ ಮಾಡಲೋ ಬೇಡವೋ ಎಂದು ಫೋನನ್ನು ಮೇಜಿನ ಮೇಲೆ ಬೋರಲು ಮಲಗಿಸಿ, ಮತ್ತೆ ಅಂಗಾತ ಮಾಡಿ, ಮತ್ತೆ ಬೋರಲು ಮಾಡುತ್ತಿದ್ದಾಗ ಗೋಂದು ಒಂದು ಪುಟ್ಟ ಅಚ್ಚನ್ನು ತಂದು ಎದುರಿಗಿಟ್ಟ. ಪ್ಲೇಟು ಸರಿಯಾಗಿ ಕೂರುತ್ತದೋ ನೋಡಲು ಅಂಗುಳದ ಅಚ್ಚನ್ನೂ ಪ್ರಿಂಟು ಹಾಕುವುದು ಅವರ ಪದ್ಧತಿ. "ಕೂಸಿಂದು. ಪ್ಲೇಟು ಕಚ್ಚಿದ ಹಾಗೆ ಕೂತ್ಕೊಂಡ್ತು ನೋಡಿ. ನಿನ್ನೆ ಸಂಜೆನೇ ಕಳಿಸಿಬಿಟ್ಟೆ, ಡಾಕ್ಟರಮ್ಮ ಅವಸರ ಮಾಡ್ತಿದ್ರು," ಎಂದ. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡಳು. ಎಷ್ಟು ಚೆಂದ ಇತ್ತು! ಕಡಲೆಬೀಜದ ಸಿಪ್ಪೆಯ ಒಳಮೈ ಹಾಗೆ ಬಾಗಿ, ನುಣ್ಣಗೆ, ಎಲ್ಲೂ ಒಂದು ಗೆರೆಯಿಲ್ಲ. ಹೆಬ್ಬೆರಳಿನಿಂದ ಸವರಿದಳು. ಇಂಥದ್ದೊಂದು ಅಂಗುಳ ಇದ್ದಿದ್ದರೆ ಎಂಬ ಹಳೆಯ ಆಸೆ ಗಂಟಲಿಗೆ ಬಂತು, ಬಂದದ್ದು ಅಲ್ಲೇ ನಿಂತಿತು. ಎಲ್ಲೂ ಒಂದು ಗೆರೆಯಿಲ್ಲ. ಸೀಳು ಎಲ್ಲಿ?

ಮುಚ್ಚಿಬಿಟ್ಟಿದ್ದಳು. ಕೂಸಿನ ಬಾಯಿಯಲ್ಲಿ ನಿಜವಾಗಿ ಇದ್ದ ತೂತನ್ನು ನೋಟದ ತೂತೆಂದು ಅವಳ ಬೆರಳು ಮುಚ್ಚಿತ್ತು. ಆ ತಪ್ಪಿನ ಮೇಲೆ ಪ್ಲೇಟು ಬರೆದಿದ್ದಳು, ಆ ತಪ್ಪಿನದ್ದೇ ಅಚ್ಚು ತೆಗೆದು ಅದರ ಮೇಲೆ ಪ್ಲೇಟನ್ನು ಕೂರಿಸಿ ನೋಡಿದ್ದರು. ಕೂರದೆ ಇರುತ್ತದೆಯೇ? ಕಳ್ಳನ ಪರ ಕಳ್ಳನೇ ಸಾಕ್ಷಿ. ಸೀಳಿನ ಒಳಗಿನ ಆಳವನ್ನು ಸ್ವಲ್ಪ ತುಂಬಬೇಕು, ನಿಜ, ಇಲ್ಲದಿದ್ದರೆ ಪ್ಲೇಟು ಒಳಗೆ ತೂರಿ ಚುಚ್ಚುತ್ತದೆ. ಆದರೆ ಎರಡು ದಡಗಳು ಇದ್ದ ಹಾಗೇ ಇರಬೇಕು. ಪ್ಲೇಟು ನಿಲ್ಲುವುದೇ ಆ ದಡಗಳ ಮೇಲೆ. ಕಂಪ್ಯೂಟರು ದಡಗಳನ್ನೂ ಎಳೆದು ಸಪಾಟು ಮಾಡಿದೆ. ಈ ಪ್ಲೇಟು ಕೂಸಿನ ಬಾಯಲ್ಲಿ ಅಲುಗಾಡುತ್ತದೆ, ಎಳೆ ವಸಡನ್ನು ಉಜ್ಜುತ್ತದೆ, ಹಾಲು ಮೂಗಿಗೇ ಹೋಗುತ್ತದೆ. ಸುಮ್ಮನಿರಬಹುದು ಎಂದೂ ಒಂದು ಕ್ಷಣ ಅನ್ನಿಸಿತು, ಅದನ್ನೂ ಹೇಳಬೇಕು. ಪ್ಲೇಟು ಕೂರಲಿಲ್ಲವೆಂದು ಡಾಕ್ಟರಮ್ಮ ಫೋನ್ ಮಾಡಿದರೆ, ಸ್ಕ್ಯಾನ್ ಮಾಡುವಾಗ ಕೂಸು ಅಲುಗಾಡಿರಬೇಕು ಅಂದರಾಯಿತು. ಎಲ್ಲರೂ ಹಾಗೇ ಅನ್ನುತ್ತಾರೆ. ಮಾತು ಬಾರದ ಕೂಸಿನ ಮೇಲೆ ಹೊರೆ ಹೊರಿಸುವುದು ಎಷ್ಟು ಸುಲಭ.

ಅಚ್ಚನ್ನು ಹಿಡಿದುಕೊಂಡೇ ಯಜಮಾನರ ಕೋಣೆಗೆ ಹೋದಳು. "ಸಾರ್, ನಾನು ಸೀಳು ಮುಚ್ಚಿಬಿಟ್ಟೆ," ಎಂದಳು. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತಾಯಿತು, ಅರ್ಥವಾದ ಮೇಲೆ ಮುಖ ಕೆಂಪಾಯಿತು. "ಅಲ್ಲಮ್ಮಾ, ಬೇರೆ ಯಾರಾದ್ರೂ ಮುಚ್ಚಿದ್ರೆ ಗೊತ್ತಾಗ್ಲಿಲ್ಲ ಅನ್ಬಹುದಿತ್ತು. ನೀವು ಮುಚ್ಚೋದಾ?" ಎಂದು, ಹೊರಗಿನ ಮೇಜುಗಳಿಗೆಲ್ಲ ಕೇಳುವಂತೆ ಗದರಿದರು. ನಿನ್ನೆ ಅರ್ಧಕ್ಕೆ ನುಂಗಿದ್ದ ಮಾತು ಇವತ್ತು ಇಡಿಯಾಗಿ ಹೊರಬಂದಿತ್ತು. ಯಾರೋ ಕುರ್ಚಿ ಸರಿಸಿದ ಸದ್ದಾಯಿತು. ಅವಳಿಗೆ ಅಳು ಬರಲಿಲ್ಲ. ಅವರು ಅಂದದ್ದು ಸರಿಯಾಗಿತ್ತು. ಯಜಮಾನರು ಕ್ಲಿನಿಕ್ಕಿಗೆ ಫೋನ್ ಹಚ್ಚಿ, ಆ ಕಡೆ ಹಲೋ ಅಂದಕೂಡಲೇ ಅದನ್ನು ಅವಳ ಕೈಗೆ ಕೊಟ್ಟರು. "ನೀವೇ ಹೇಳಿ."

"ಡಾಕ್ಟರೇ, ಆ ಕೂಸಿನ ಪ್ಲೇಟು ಹಾಕ್ಬೇಡಿ. ತಪ್ಪಾಗಿದೆ."

"ಏನಂದ್ರಿ? ಸರಿಯಾಗಿ ಕೇಳಿಸ್ತಿಲ್ಲ. ನೆಗಡಿನಾ?"

"ನೆಗಡಿ ಅಲ್ಲ," ಎಂದಳು. "ನನ್ನ ದನೀನೇ ಹೀಗೆ. ನನಗೂ ಸೀಳಿತ್ತು. ಪ್ಲೇಟು ಬರೆದವಳು ನಾನೇ, ಸೀಳನ್ನ ಮುಚ್ಚಿಬಿಟ್ಟಿದೀನಿ. ಈಗಲೇ ಬೇರೆ ಮಾಡ್ತೀನಿ."

ಫೋನಿನ ಆ ಕಡೆ ಎಲ್ಲೋ ಕೂಸು ಅಳುವುದು ಕೇಳಿಸುತ್ತಿತ್ತು. "ಹಾಕಿ ನೋಡಿದೆ, ಕೂರ್ಲಿಲ್ಲ, ತಕ್ಷಣ ತೆಗೆದೆ. ಗಾಯ ಏನಿಲ್ಲ," ಎಂದರು ಡಾಕ್ಟರಮ್ಮ. "ದೂರದಿಂದ ಬಂದಿದಾರೆ, ಹಾಕಿಸ್ಕೊಂಡೇ ಹೋಗೋದು ಅಂತ ಅಜ್ಜಿ ಕೂತಿದಾರೆ. ಇವತ್ತೇ ಆಗುತ್ತಾ?" ಆಗುತ್ತೆ ಎಂದಳು. "ಹಾಗಾದ್ರೆ ಪ್ಲೇಟ್ ಜೊತೆ ನೀವೂ ಬನ್ನಿ. ಆ ತಾಯಿ ನಿಮ್ಮಂಥೋರನ್ನ ಯಾರನ್ನಾದ್ರೂ ನೋಡ್ಬೇಕು. ನಾನು ಎಷ್ಟು ಹೇಳಿದ್ರೂ ಅದು ಡಾಕ್ಟರ್ ಮಾತು."

ಮತ್ತೆ ತೆರೆಯ ಮುಂದೆ ಕೂತು, ಮುಚ್ಚದ ಸ್ಕ್ಯಾನನ್ನು ತೆಗೆದಳು. ಈ ಸಲ ಕಿಟಕಿಯ ಕಡೆ ನೋಡಲಿಲ್ಲ. ಸೀಳಿನ ಒಂದು ದಡ ತೆಳ್ಳಗಿತ್ತು, ಇನ್ನೊಂದು ಸ್ವಲ್ಪ ಮಡಿಚಿಕೊಂಡು ದುಂಡಗಿತ್ತು. ದೊಡ್ಡದು ಮಾಡಿ ನೋಡಿದಳು. ಭಯಂಕರವಾದದ್ದೇನೂ ಇರಲಿಲ್ಲ. ಸೇರಬೇಕಾದ ಎರಡು ಕಡೆಗಳು ಸೇರಿರಲಿಲ್ಲ, ಅಷ್ಟೆ. ತಾನು ಹುಟ್ಟಿದಾಗ ಅಮ್ಮ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಿದ್ದಳಂತೆ, ಕೂಸನ್ನು ಪಕ್ಕದಲ್ಲಿಟ್ಟರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳಂತೆ. ಯಾರೋ ನೆಂಟರು ಬಾಯಿ ತಪ್ಪಿ ಹೇಳಿದ್ದ ಆ ಮಾತನ್ನು ಅವಳು ಇಷ್ಟು ವರ್ಷ ಒಳಗೆ ಕಲ್ಲಿನಂತೆ ಇಟ್ಟುಕೊಂಡಿದ್ದಳು, ಅಮ್ಮ ತೀರಿಕೊಂಡ ದಿನವೂ ಅದು ಕರಗಿರಲಿಲ್ಲ. ನಿನ್ನೆ ತಾನು ಮಾಡಿದ್ದೇನು? ಗೋಡೆಯ ಬದಲು ಕಿಟಕಿ. ಪಾಪ ಅಮ್ಮ, ಅವಳ ಕೈಯಲ್ಲಿ ಮುಚ್ಚುವ ಬಟನ್ ಕೂಡ ಇರಲಿಲ್ಲ, ಇದ್ದದ್ದು ಎರಡು ಕಣ್ಣು, ಅವನ್ನೇ ಮುಚ್ಚಿಕೊಂಡಳು. ದಡದ ಮೇಲೆ ಕೂದಲೆಳೆಯಷ್ಟು ಜಾಗ ಬಿಡಬೇಕು, ಇಲ್ಲಿ ಇನ್ನೂ ಸ್ವಲ್ಪ, ಮಡಿಕೆಯ ಹತ್ತಿರ ಒತ್ತಬಾರದು. ಅಮ್ಮ ಹಾಗೆ ಮಲಗಿದ್ದಾಗ ಬಂದವರು ಅತ್ತೆ. ಬಾಣಂತನಕ್ಕೆ ನಾಲ್ಕು ದಿನ ಇದ್ದು ಹೋಗುತ್ತೇನೆಂದು ಒಂದು ಚೀಲ ಹಿಡಿದು ಬಂದವರು ಹೋಗಲೇ ಇಲ್ಲ. ಕರೆದುಕೊಂಡು ಹೋಗುತ್ತೇನೆಂದು ಬಂದ ಮಾವ ಎರಡು ದಿನ ಮುಖ ಊದಿಸಿಕೊಂಡು ಕೂತು, ಮೂರನೆಯ ದಿನ ತಾವೇ ಹಾಲು ಬಿಸಿ ಮಾಡಲು ಎದ್ದು, ಆಮೇಲೆ ಇಲ್ಲೇ ಕೆಲಸ ಹುಡುಕಿಕೊಂಡರಂತೆ. ಹೆಂಡತಿಯನ್ನು ಕರೆಯಲು ಬಂದು ಮನೆ ಅಳಿಯನಾದವನು ನಾನೊಬ್ಬನೇ ಎಂದು ಸಾಯುವವರೆಗೂ ನಗಾಡುತ್ತಿದ್ದರು. ಅತ್ತೆ ಹತ್ತಿಯನ್ನು ಹಾಲಿನಲ್ಲಿ ಅದ್ದಿ, ಹನಿ ಹನಿಯಾಗಿ ನಾಲಿಗೆಯ ಹಿಂದಕ್ಕೆ ಬಿಡುತ್ತಿದ್ದರಂತೆ. ಒಂದು ಹನಿ, ಆಮೇಲೆ ಕಾಯುವುದು. ನುಂಗಿತೋ, ಮೂಗಿಗೆ ಬಂತೋ? ನುಂಗಿತು ಅಂದ ಮೇಲೆ ಇನ್ನೊಂದು ಹನಿ. ಆಪರೇಷನ್ನುಗಳ ಕಾಲದಲ್ಲೂ ಅದೇ, ಹೊಲಿಗೆ ಬಿಟ್ಟುಹೋದೀತೆಂದು ಗಂಜಿ ತಿನ್ನಿಸಿ, ಗಲ್ಲ ಹಿಡಿದು, ಬಾಯಿ ತೆರೆಸಿ ನೋಡುವುದು. ನುಂಗಿದ್ಯಾ? ಅವಳು ಮೌಸ್ ಬಿಟ್ಟು ಕಣ್ಣೊರೆಸಿಕೊಂಡಳು. ಅದು ಪ್ರಶ್ನೆಯಾಗಿ ಶುರುವಾದದ್ದಲ್ಲ, ಪ್ರಾಣ ಹಿಡಿದುಕೊಂಡು ಕಾಯುವುದಾಗಿ ಶುರುವಾದದ್ದು.

ಗೋಂದು ತನ್ನ ಪ್ರಿಂಟರಿನಲ್ಲಿ ಅರ್ಧವಾಗಿದ್ದ ಬೇರೆ ಕೆಲಸವನ್ನು ನಿಲ್ಲಿಸಿಬಿಟ್ಟಿದ್ದ. "ಆ ದೊಡ್ಡೋರ ಹಲ್ಲು ಇಷ್ಟು ವರ್ಷ ಸೊಟ್ಟಗಿತ್ತು, ಇನ್ನೊಂದು ದಿನ ಇರಲಿ ಬಿಡಿ ಅಕ್ಕಾ," ಎಂದ. ಯಜಮಾನರು ಬಂದು ಅವಳ ಪಕ್ಕಕ್ಕೆ ಒಂದು ಸ್ಟೂಲು ಎಳೆದುಕೊಂಡು ಕೂತರು. ಮುಚ್ಚದ ಸ್ಕ್ಯಾನಿನದೇ ಅಚ್ಚು ತೆಗೆಸಿ, ಈ ಸಲ ಅದರ ಮೇಲೆ ಪ್ಲೇಟು ಕೂರಿಸಿ ನೋಡಿದರು. ತೊಳೆದು ಗಟ್ಟಿ ಮಾಡಿದ ಪ್ಲೇಟಿನ ಅಂಚನ್ನು ತಾವೇ ಉಜ್ಜಿ, ತಮ್ಮ ಕೆನ್ನೆಯ ಒಳಭಾಗಕ್ಕೆ ತಾಗಿಸಿ ಚುಚ್ಚುತ್ತದೆಯೇ ಎಂದು ನೋಡಿ, ಮತ್ತೆ ಉಜ್ಜಿ, ಮತ್ತೆ ಸ್ಪಿರಿಟ್ಟಿನಲ್ಲಿ ತೊಳೆದರು. "ಬೆಳಿಗ್ಗೆ ಸ್ವಲ್ಪ ಜೋರಾಗಿ ಅಂದೆ," ಎಂದರು ಕೊನೆಗೆ, ಪ್ಲೇಟಿಗೆ ಹೇಳಿದಂತೆ. "ಅಂದಿದ್ದು ಸರಿಯಾಗೇ ಇತ್ತು ಸಾರ್," ಎಂದಳು ಅವಳು. ಯಾರ ಮೇಲೂ ಸಿಟ್ಟು ಬಾರದ ಇಂಥ ಹೊತ್ತು ತನ್ನ ಬದುಕಿನಲ್ಲಿ ಎಷ್ಟು ಸಲ ಬಂದಿತ್ತೋ ನೆನಪಾಗಲಿಲ್ಲ.

ಕ್ಲಿನಿಕ್ಕಿನ ಒಳಕೋಣೆಯಲ್ಲಿ ಕೂಸಿನ ತಾಯಿ, ಇನ್ನೂ ಹುಡುಗಿಯಂತಿದ್ದವಳು, ಕಣ್ಣು ನೆಲಕ್ಕೆ ನೆಟ್ಟು ಕೂತಿದ್ದಳು. ಕೂಸು ಅಜ್ಜಿಯ ತೊಡೆಯ ಮೇಲಿತ್ತು. ಇವಳು ಒಳಗೆ ಹೋದಾಗ ಹುಡುಗಿ ತಲೆಯೆತ್ತಿದಳು, ಮೇಲ್ದುಟಿಯ ಗೆರೆಯನ್ನು ಕಂಡಳು. ಜನ ಕಂಡ ಕೂಡಲೇ ಕಣ್ಣು ತೆಗೆಯುತ್ತಾರೆ, ಅದು ಇವಳಿಗೆ ರೂಢಿ. ಈ ಹುಡುಗಿ ತೆಗೆಯಲಿಲ್ಲ. ಹಸಿದವರು ಅನ್ನ ನೋಡಿದ ಹಾಗೆ ನೋಡುತ್ತಲೇ ಇದ್ದಳು. ಇವಳಿಗೆ ಎಂದಿನಂತೆ ಕೈ ಬಾಯಿಯ ಕಡೆ ಹೋಯಿತು. ಇಳಿಸಿದಳು.

"ಮೊದಲನೇದು ಕೂರದೆ ಇದ್ದಿದ್ದು ನನ್ನ ತಪ್ಪು," ಎಂದಳು. "ನಾನು ಸರಿಯಾಗಿ ನೋಡ್ಲಿಲ್ಲ. ಕೂಸಿಗೆ ನೋವು ಮಾಡಿದೆ."

"ನಡೆಯೋರು ಎಡವದೆ ಕೂತೋರು ಎಡವ್ತಾರಾ, ಬಿಡಮ್ಮ," ಎಂದಳು ಅಜ್ಜಿ. "ನೀನು ನಡೆದುಕೊಂಡು ಬಂದ್ಯಲ್ಲ, ಅದು ದೊಡ್ಡದು."

ಹುಡುಗಿ ಪಿಸುಗುಟ್ಟಿದಳು, "ನೀವು ಎಲ್ಲಾ ತಿಂತೀರಾ?"

"ತಿಂತೀನಿ. ತಟ್ಟೇಲಿ ಬಿಟ್ಟು ಬೈಸ್ಕೊಳ್ಳೋದೂ ಉಂಟು."

ಹುಡುಗಿಗೆ ನಗು ಬಂತು, ನಗುವಿನ ಹಿಂದೆಯೇ ಅಳು. ಅಷ್ಟರಲ್ಲಿ ಕೂಸು ಮಿಸುಕಾಡಿತು. ಅಜ್ಜಿ ಹತ್ತಿರದ ಬಟ್ಟಲಿನಿಂದ ಚಮಚದ ತುದಿಯಲ್ಲಿ ಹಾಲು ತೆಗೆದು ತೋರಿಸಿದ್ದೇ ತಡ, ಅದು ಕತ್ತನ್ನು ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಸೀಳಿದ ಬಾಯನ್ನು ಆದಷ್ಟೂ ದೊಡ್ಡದಾಗಿ ತೆರೆಯಿತು. "ನೋಡು, ಹಕ್ಕಿಮರಿ ಗೂಡಲ್ಲಿ ಬಾಯಿ ತೆಗೆಯೋ ಹಾಗೆ," ಎಂದಳು ಅಜ್ಜಿ. "ಎಷ್ಟು ನಂಬಿಕೆ ಅಂತೀನಿ!" ಇವಳು ಆ ತೆರೆದ ಬಾಯನ್ನೇ ನೋಡಿದಳು. ಕೊಕ್ಕಿಗಲ್ಲ. ಅತ್ತೆ ಹಕ್ಕಿ ಎಂದು ಕರೆದದ್ದು ಕೊಕ್ಕಿಗೆ ಅಲ್ಲವೇ ಅಲ್ಲ.

ಡಾಕ್ಟರಮ್ಮ ಪ್ಲೇಟನ್ನು ಬೆರಳ ತುದಿಯಲ್ಲಿಟ್ಟು ಒಳಗೆ ಸೇರಿಸಿದರು. ಅಲುಗಿಸಿ ನೋಡಿದರು. ಅಲುಗಲಿಲ್ಲ. ಬಾಟಲಿಯ ಮೆತ್ತನೆಯ ತುದಿಯನ್ನು ಹುಡುಗಿಯೇ ಬಾಯಿಗೆ ಹಿಡಿದಳು. ಕೂಸು ಒಂದು ಸಲ ಚೀಪಿತು, ಏನೋ ಹೊಸದಾಯಿತೆಂದು ನಿಲ್ಲಿಸಿತು, ಹುಬ್ಬು ಗಂಟಿಕ್ಕಿ ಯೋಚಿಸಿತು. ಆ ಪುಟ್ಟ ಗಂಟಲನ್ನೇ ನೋಡುತ್ತಿದ್ದ ಇವಳ ಬಾಯಿಂದ, ಮೂಗಿನಲ್ಲಿ ಹೊರಡುವ ಆ ದನಿಯಲ್ಲೇ, ತಡೆಯುವ ಮೊದಲೇ ಬಂದುಬಿಟ್ಟಿತು: "ನುಂಗಿದ್ಯಾ?"

ಗಂಟಲು ಮೇಲೆ ಹೋಗಿ ಕೆಳಗಿಳಿಯಿತು. ಮೂಗಿನಿಂದ ಏನೂ ಬರಲಿಲ್ಲ. ಆಮೇಲೆ ಕೂಸು ನಿಲ್ಲಿಸಲೇ ಇಲ್ಲ, ಇಷ್ಟು ದಿನದ ಬಾಕಿಯನ್ನೆಲ್ಲ ಒಂದೇ ಸಲಕ್ಕೆ ತೀರಿಸಿಕೊಳ್ಳುವಂತೆ ಸದ್ದು ಮಾಡುತ್ತಾ ಕುಡಿಯಿತು. ಹುಡುಗಿ ಕೂಸಿನ ಮುಖವನ್ನೇ ನೋಡುತ್ತಿದ್ದಳು, ಕಣ್ಣು ತೆಗೆಯದೆ. ಕೆಳಗೆ ಸ್ಕೂಟರಿನ ಹತ್ತಿರ ಕಾಯುತ್ತಿದ್ದ ಗೋಂದುವಿಗೆ ಏನಾಯಿತೆಂದು ಹೇಳಲು ಹೋಗಿ ಅವಳು ಅತ್ತುಬಿಟ್ಟಳು. ಅವನು ಕೈ ಒರೆಸುವ ಬಟ್ಟೆಯನ್ನೇ ಕೊಟ್ಟ. ಅದರ ತುಂಬ ಅಂಟಿತ್ತು, ಆದರೂ ಮುಖ ಒರೆಸಿಕೊಂಡಳು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅತ್ತೆ ಊಟಕ್ಕೆ ಬಡಿಸಿದರು, ಎದುರಿನ ಕುರ್ಚಿಯಲ್ಲಿ ಎಂದಿನಂತೆ ಕೂತರು, ಆದರೆ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಅವಳು ಒಂದು ತುತ್ತು ತಿಂದಳು, ಕಾದಳು. ಅತ್ತೆ ಕೇಳಲಿಲ್ಲ. ಇನ್ನೊಂದು ತುತ್ತು. ಅತ್ತೆ ಸೆರಗಿನ ದಾರ ಕೀಳುತ್ತಿದ್ದರು. ಬಾಯಿ ಮುಚ್ಚಿಕೊಂಡಿರಿ ಎಂದಿದ್ದಳಲ್ಲ, ಮುಚ್ಚಿಕೊಂಡಿದ್ದರು. ಇಷ್ಟು ವರ್ಷ ಕಿವಿಗೆ ಬೇಡವಾಗಿದ್ದ ಆ ಮಾತು ಇಲ್ಲದೆ ಅನ್ನ ಇಳಿಯುವುದೇ ಇಲ್ಲವೇನೋ ಅನ್ನಿಸಿತು. ತಪ್ಪಾಯಿತು ಅನ್ನಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದಳು. ಆ ಮಾತು ಈಗ ತೀರಾ ಚಿಕ್ಕದಾಗಿ ಕಂಡಿತು.

ಬಾಯಲ್ಲಿದ್ದ ತುತ್ತನ್ನು ನುಂಗಿದಳು. ಎದ್ದು ಹೋಗಿ ಅತ್ತೆಯ ಕಾಲ ಬಳಿ, ದೀಪದ ಬೆಳಕು ನೇರ ಬೀಳುವ ಕಡೆ ನೆಲದ ಮೇಲೆ ಕೂತಳು. ಕತ್ತನ್ನು ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಯಾರಿಗೂ ತೋರಿಸದ ಬಾಯನ್ನು, ಹೊಲಿಗೆಗಳ ಗೆರೆಯಿರುವ ಆ ಅಂಗುಳವನ್ನು, ಆದಷ್ಟೂ ದೊಡ್ಡದಾಗಿ ತೆರೆದಳು.

ಅತ್ತೆ ಕನ್ನಡಕ ಹುಡುಕಿ ಹಾಕಿಕೊಂಡ ಸದ್ದು ಕೇಳಿಸಿತು. ಒರಟು ಬೆರಳುಗಳು ಅವಳ ಗಲ್ಲ ಹಿಡಿದು, ಮುಖವನ್ನು ಬೆಳಕಿಗೆ ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ತಿರುಗಿಸಿದವು.

"ಹೂಂ," ಎಂದರು ಅತ್ತೆ. "ನುಂಗಿದೀಯ."